ವೇಟ್, ಸ್ಟೇ, ರಿಮೇನ್: ಮೂರಕ್ಕೂ ‘ಇರು’ ಅಂತ ಹೇಳಿಕೊಟ್ರೆ ಮಕ್ಕಳು ಏನ್ ಮಾಡ್ಬೇಕು?

ಹೊಳಲ್ಕೆರೆ ಟೀಚರ್:
ಎಲ್ಲರಿಗೂ ನಮಸ್ಕಾರ. ಹೊಳಲ್ಕೆರೆ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡ್ತೀನಿ. ಒಂಬತ್ತನೇ ಕ್ಲಾಸಿನ ನೋಟ್‌ಬುಕ್ ತಿದ್ದೋವಾಗ ಪದೇ ಪದೇ ಕಣ್ಣಿಗೆ ಬೀಳೋ ವಾಕ್ಯ ಹೇಳ್ತೀನಿ, ನೋಡಿ. ‘ವಿ ಆರ್ ವೇಟಿಂಗ್ ದಿ ಬಸ್.’ ‘ಮೈ ಅಂಕಲ್ ರಿಮೇನ್ಡ್ ಇನ್ ಅವರ್ ಹೌಸ್ ಫಾರ್ ದೀಪಾವಳಿ.’ ‘ಸ್ಟೇ, ಐ ವಿಲ್ ಕಮ್.’

ಮೂರರಲ್ಲೂ ಮಗು ಏನು ಹೇಳೋಕೆ ಹೊರಟಿದೆ ಅಂತ ನಮಗೆ ತಿಳಿಯುತ್ತೆ. ‘ಇರು, ಬರ್ತೀನಿ’ ಅನ್ನೋದನ್ನೇ ‘ಸ್ಟೇ, ಐ ವಿಲ್ ಕಮ್’ ಅಂತ ಬರೆದಿದೆ. ಅವರ ಕೈಯಲ್ಲಿರೋ ಪದಪಟ್ಟಿಯಲ್ಲಿ ವೇಟ್ ಅಂದ್ರೆ ಕಾಯು, ಇರು. ಸ್ಟೇ ಅಂದ್ರೆ ಇರು, ಉಳಿ. ರಿಮೇನ್ ಅಂದ್ರೆ ಉಳಿ, ಇರು. ಇಷ್ಟೇ. ಕೆಂಪು ಇಂಕಲ್ಲಿ ಗೆರೆ ಎಳೆದು ಕಳಿಸಿದ್ರೆ ಮುಂದಿನ ವಾರ ಅದೇ ವಾಕ್ಯ ವಾಪಸ್ ಬರುತ್ತೆ. ಈ ಪದಗಳ ನಡುವಿನ ಗೆರೆ ಎಲ್ಲಿದೆ ಅಂತ ಕನ್ನಡದಲ್ಲೇ, ನಮ್ಮೂರ ಮಕ್ಕಳಿಗೆ ಅರ್ಥ ಆಗೋ ಹಾಗೆ ಹೇಗೆ ಹೇಳೋದು? ಅನುಭವ ಇದ್ದೋರು ದಯವಿಟ್ಟು ಬರೀರಿ.

ನಿವೃತ್ತ ಮೇಷ್ಟ್ರು, ದಾವಣಗೆರೆ:
ಮೇಡಂ, ಒಳ್ಳೇ ಪ್ರಶ್ನೆ ಎತ್ತಿದೀರಿ. ನಾನು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತನಾದವನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲು ವೇಟ್ ತಗೊಳ್ಳಿ. ಈ ಪದ ಇಂಗ್ಲಿಷಿಗೆ ಬಂದಿದ್ದು ಉತ್ತರ ಫ್ರಾನ್ಸಿನ ಹಳೇ ಫ್ರೆಂಚಿನಿಂದ. ಅದರ ಬೇರು ಜರ್ಮನಿಕ್ ಭಾಷೆಗಳಲ್ಲಿದೆ. ವಾಚ್, ವೇಕ್ ಅನ್ನೋ ಪದಗಳ ಬೇರೂ ಅದೇ. ಅಂದ್ರೆ ಮೂಲದಲ್ಲಿ ವೇಟ್ ಅಂದ್ರೆ ಸುಮ್ಮನೆ ಕೂತು ಹೊತ್ತು ಕಳೆಯೋದಲ್ಲ, ಕಣ್ಣಿಟ್ಟು ನೋಡ್ತಾ ಇರೋದು, ಪಹರೆ ಇರೋದು. ವೇಟರ್ ಅನ್ನೋ ಪದಕ್ಕೂ ಹಿಂದೆ ಕಾವಲುಗಾರ ಅನ್ನೋ ಅರ್ಥ ಇತ್ತು. ಊಟದ ಮೇಜಿನ ಹತ್ತಿರ ನಿಂತು ಬೇಕು-ಬೇಡ ನೋಡಿಕೊಳ್ಳೋನು ಅನ್ನೋ ಅರ್ಥ ಆಮೇಲೆ ಬಂತು. ಇಂಗ್ಲೆಂಡಿನ ಪಟ್ಟಣಗಳಲ್ಲಿ ‘ವೇಟ್ಸ್’ ಅಂತ ಒಂದು ಗುಂಪೇ ಇರ್ತಿತ್ತು. ಮೊದಲು ರಾತ್ರಿ ಪಹರೆ, ಜೊತೆಗೆ ವಾದ್ಯ ಬಾರಿಸೋದು, ಕಾಲ ಹೋದಂಗೆ ಪಟ್ಟಣದ ಸಂಬಳದ ವಾದ್ಯಗಾರರೇ ಆಗಿಬಿಟ್ಟರು. 1835ರ ಪುರಸಭಾ ಕಾಯ್ದೆ ಬಂದಾಗ ಆ ಪದ್ಧತಿ ನಿಂತಿತು.

ಈಗ ನಮ್ಮ ‘ಕಾಯು’ ನೋಡಿ. ದನ ಕಾಯ್ತಾನೆ, ಹೊಲ ಕಾಯ್ತಾನೆ, ಗಡಿ ಕಾಯ್ತಾನೆ, ಬಸ್ಸಿಗೆ ಕಾಯ್ತಾನೆ. ಎಲ್ಲಾ ಒಂದೇ ಕ್ರಿಯಾಪದ. ಇಂಗ್ಲಿಷಿನೋರು ಆ ಹಳೇ ಅರ್ಥವನ್ನ ವಾಚ್, ಗಾರ್ಡ್‌ಗೆ ಬಿಟ್ಟುಕೊಟ್ಟು ವೇಟ್‌ಗೆ ಬರೀ ಕಾಯುವಿಕೆ ಇಟ್ಟುಕೊಂಡರು. ನಾವು ಎರಡನ್ನೂ ಒಂದರಲ್ಲೇ ಇಟ್ಟುಕೊಂಡಿದೀವಿ. ನಿಮ್ಮ ಮಕ್ಕಳ ‘ವೇಟಿಂಗ್ ದಿ ಬಸ್’ ಅಲ್ಲಿಂದಲೇ ಹುಟ್ಟಿದ್ದು. ‘ಬಸ್ ಕಾಯ್ತಿದೀವಿ’ ಅಂತ ಮನಸ್ಸಿನಲ್ಲಿ ಬಂದಿದೆ, ಹಾಗೇ ಇಳಿಸಿದಾರೆ. ‘ಬಸ್ಸಿಗೆ ಕಾಯ್ತಿದೀವಿ’ ಅಂತ ಹೇಳಿಸಿ ನೋಡಿ. ಆ ‘ಇಗೆ’ ಬಂದ ಕಡೆ ‘ಫಾರ್’ ಬರ್ತದೆ. ಚತುರ್ಥಿ ಅಂತ ವ್ಯಾಕರಣದ ಹೆಸರೂ ಹೇಳೋದು ಬೇಡ. ‘ದನ ಕಾಯೋನಿಗೆ ಇಗೆ ಇಲ್ಲ, ಬಸ್ಸಿಗೆ ಕಾಯೋನಿಗೆ ಇಗೆ ಇದೆ’ ಅಂದ್ರೆ ಸಾಕು.

ಚಳ್ಳಕೆರೆ ಕಾವಲು:
ಮೇಷ್ಟ್ರೇ, ನಮ್ಮ ಕಡೆ ಹುಲ್ಲುಗಾವಲಿಗೇ ‘ಕಾವಲು’ ಅಂತೀವಿ. ಕುದಾಪುರ ಕಾವಲು, ವರವು ಕಾವಲು ಅಂತ ಊರೋರೆಲ್ಲ ಕರೆಯೋ ಜಾಗ. ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆ ಅಂತ ಮೀಸಲಿಟ್ಟು ಕಾಯ್ತಿದ್ದ ಜಮೀನು ಅದು. ಮೊದಲು ‘ಬೆಣ್ಣೆ ಚಾವಡಿ’ ಅಂತಿದ್ದ ಇಲಾಖೆಗೆ ಅಮೃತಮಹಲ್ ಅಂತ ಹೆಸರಿಟ್ಟಿದ್ದು ಟಿಪ್ಪು. ಈಗ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಕುರಿ ಬಿಡ್ತಿದ್ದ ಹುಲ್ಲುಗಾವಲಿಗೆ ಬೇಲಿ ಬಿದ್ದಾಗ ಸುತ್ತಲ ಹಳ್ಳಿಯೋರು ಹೋರಾಟ ಮಾಡಿದ್ರು. ಕಾಯೋರ ಕೆಲಸದ ಹೆಸರೇ ನೆಲಕ್ಕೆ ಹೆಸರಾಗಿ ನಿಂತಿದೆ. ನಮ್ಮ ಕಡೆ ಮಕ್ಕಳಿಗೆ ಹೇಳೋದಾದ್ರೆ ಇಲ್ಲಿಂದಲೇ ಶುರು ಮಾಡಬಹುದು.

ಕೋಟೆ ಬೀದಿ:
ಇನ್ನೊಂದು ಸೇರಿಸ್ತೀನಿ. ಇಂಗ್ಲಿಷಲ್ಲಿ ‘ಲೈ ಇನ್ ವೇಟ್’ ಅಂತಾರಲ್ಲ, ಹೊಂಚು ಹಾಕಿ ಕೂರೋದು. ಮೇಷ್ಟ್ರು ಹೇಳಿದ ಹಳೇ ಅರ್ಥ ಅದರಲ್ಲಿ ಇನ್ನೂ ಉಳ್ಕೊಂಡಿದೆ ಅಲ್ವಾ? ನಮ್ಮ ಓಬವ್ವನ ಕಿಂಡಿಯನ್ನ ಇದಕ್ಕೆ ಇಟ್ಟುಕೊಂಡು ಹೇಳಿಕೊಡಿ ಮೇಡಂ. ಹೈದರಾಲಿ ದಂಡು ಕೋಟೆಗೆ ಮುತ್ತಿಗೆ ಹಾಕಿದ್ದ ಕಾಲ. ಗಂಡ ಕಾವಲಿನೋನು, ಊಟಕ್ಕೆ ಕೂತಿದಾನೆ. ಇವಳು ನೀರು ತರೋಕೆ ಹೋದಾಗ ಬಂಡೆ ಸಂದಿಯಲ್ಲಿ ವೈರಿಗಳು ನುಸುಳೋದು ಕಣ್ಣಿಗೆ ಬಿತ್ತು. ಒನಕೆ ಹಿಡಿದು ಪಕ್ಕಕ್ಕೆ ನಿಂತಳು. ಒಬ್ಬೊಬ್ಬನೇ ತೆವಳಿ ತಲೆ ಹೊರಗೆ ಹಾಕೋವರೆಗೂ ಸದ್ದಿಲ್ಲದೆ ನಿಂತಳಲ್ಲ, ಅದು ‘ಲೈ ಇನ್ ವೇಟ್’. ಹೊಳಲ್ಕೆರೆ ಮಕ್ಕಳು ಟೂರಿಗೆ ಅಂತ ಕೋಟೆಗೆ ಬಂದೇ ಬಂದಿರ್ತಾರೆ. ಆ ಕಿಂಡಿ ಎಷ್ಟು ಕಿರಿದು ಅಂತ ನೋಡಿದ ಮಗುವಿಗೆ ಈ ಮಾತು ಮರೆಯೋದಿಲ್ಲ.

ನಿವೃತ್ತ ಮೇಷ್ಟ್ರು, ದಾವಣಗೆರೆ:
ಹೌದು, ಅದೇ ಹಳೇ ಅರ್ಥ. ಬಹಳ ಸೊಗಸಾದ ಉದಾಹರಣೆ ಕೊಟ್ರಿ.

ಸ್ಪೋಕನ್ ಕ್ಲಾಸ್:
ಎಲ್ಲರ ಮೇಲೂ ಗೌರವ ಇಟ್ಟುಕೊಂಡೇ ಹೇಳ್ತೀನಿ, ನನ್ನ ಅಭಿಪ್ರಾಯ ಬೇರೆ. ದಾವಣಗೆರೆಯಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡ್ತೀನಿ. ನನ್ನ ಹತ್ರ ಬರೋರು ಅಂಗಡಿಯಲ್ಲಿ ಕೆಲಸ ಮಾಡೋರು, ನರ್ಸಿಂಗ್ ಮುಗಿಸಿದೋರು, ಇಂಟರ್‌ವ್ಯೂಗೆ ಹೊರಟೋರು. ಅವರಿಗೆ ಪದದ ಚರಿತ್ರೆ ಹೇಳಿದ್ರೆ ಕೇಳೋಕೆ ಚೆನ್ನಾಗಿರುತ್ತೆ, ಬಾಯಿಗೆ ಬರೋದಿಲ್ಲ. ಬಾಯಿಗೆ ಬರೋದು ಪದದ ಹಿಂದೆ-ಮುಂದೆ ಏನಿರುತ್ತೆ ಅನ್ನೋದು ರೂಢಿಯಾದಾಗ.

ವೇಟ್ ಆದ್ಮೇಲೆ ಮನುಷ್ಯ, ಬಸ್ಸು, ರಿಸಲ್ಟ್ ಬಂದ್ರೆ ಮಧ್ಯೆ ‘ಫಾರ್’. ಕೆಲಸ ಬಂದ್ರೆ ‘ಟು’: ವೇಟಿಂಗ್ ಟು ಸೀ ದಿ ಡಾಕ್ಟರ್. ಸ್ಟೇ ಆದ್ಮೇಲೆ ಜಾಗ ಬರುತ್ತೆ, ಇಲ್ಲಾ ‘ವಿತ್’ ಅಂತ ಯಾರ ಜೊತೆ ಅನ್ನೋದು ಬರುತ್ತೆ, ಇಲ್ಲಾ ‘ಕಾಮ್’, ‘ಅವೇಕ್’ ಥರ ಒಂದು ಸ್ಥಿತಿ ಬರುತ್ತೆ. ರಿಮೇನ್ ಆದ್ಮೇಲೂ ಸ್ಥಿತಿ ಬರುತ್ತೆ, ಆದ್ರೆ ಅದು ಭಾಷಣದ, ಪ್ರಕಟಣೆಯ ಮಾತು. ‘ಪ್ಲೀಸ್ ರಿಮೇನ್ ಸೀಟೆಡ್’ ಅಂತ ವಿಮಾನದಲ್ಲಿ ಹೇಳ್ತಾರೆ, ಅಮ್ಮ ಮಗುವಿಗೆ ಹಾಗೆ ಹೇಳಲ್ಲ. ಇಷ್ಟನ್ನ ದಿನಾ ಬಾಯಲ್ಲಿ ಆಡಿಸಿದ್ರೆ ಸಾಕು. ಕನ್ನಡದ ಹಾದಿ ಹಿಡಿದು ಬಂದ್ರೆ ಮಗು ಯಾವಾಗ್ಲೂ ಕನ್ನಡದಲ್ಲೇ ಯೋಚನೆ ಮಾಡಿ ಇಂಗ್ಲಿಷಿಗೆ ತಿರುಗಿಸುತ್ತೆ.

ಹೊಳಲ್ಕೆರೆ ಟೀಚರ್:
ಸರ್, ನಿಮ್ಮಲ್ಲಿಗೆ ಬರೋರು ದೊಡ್ಡೋರು, ದುಡ್ಡು ಕೊಟ್ಟು, ಬೇಕು ಅಂತ ಬರ್ತಾರೆ. ನನ್ನ ಮಕ್ಕಳು ಶಾಲೆ ಗೇಟು ದಾಟಿದ ಮೇಲೆ ಒಂದು ಇಂಗ್ಲಿಷ್ ಮಾತೂ ಕೇಳೋದಿಲ್ಲ. ಅವರು ಕನ್ನಡದಲ್ಲೇ ಯೋಚನೆ ಮಾಡೋದು, ಬೇರೆ ಯಾವುದರಲ್ಲಿ ಮಾಡ್ತಾರೆ? ಹಾಗಾಗಿ ಆ ಕನ್ನಡವೇ ನನಗೆ ಬಂಡವಾಳ. ನೀವು ಹೇಳಿದ ಹಿಂದೆ-ಮುಂದೆ ರೂಢಿ ಮಾತ್ರ ಖಂಡಿತ ಬಳಸ್ತೀನಿ.

ವಕೀಲರು, ಚಿತ್ರದುರ್ಗ:
ಸ್ಟೇ ಬಗ್ಗೆ ನಾನೂ ಬರೀಲೇಬೇಕು. ನಮ್ಮ ಜಿಲ್ಲೆಯ ಯಾವ ಹಳ್ಳಿಗೆ ಹೋದ್ರೂ ಅನಕ್ಷರಸ್ಥರಿಗೂ ಗೊತ್ತಿರೋ ಇಂಗ್ಲಿಷ್ ಪದ ಅದು. ‘ಅವನು ಸ್ಟೇ ತಂದವ್ನೆ’ ಅಂದ್ರೆ ಸಾಕು, ಜೆಸಿಬಿ ಎಂಜಿನ್ ಆಫ್ ಆಗ್ತದೆ.

ಕನ್ನಡದಲ್ಲಿ ತಡೆಯಾಜ್ಞೆ ಅಂತೀವಿ. ನಮ್ಮ ‘ತಡೆ’ ಅನ್ನೋ ಕ್ರಿಯಾಪದ ಗಮನಿಸಿ. ‘ತಡಿಯಪ್ಪಾ, ಬಂದೆ’ ಅಂದ್ರೆ ಸ್ವಲ್ಪ ಇರು. ‘ನೀರು ತಡೆದರು’ ಅಂದ್ರೆ ಅಡ್ಡ ಹಾಕಿದರು. ‘ನೋವು ತಡೆಯೋಕಾಗ್ತಿಲ್ಲ’ ಅಂದ್ರೆ ಸಹಿಸೋಕಾಗ್ತಿಲ್ಲ. ಸ್ಟೇ ಕೂಡ ಹಾಗೇ, ಇರು ಅನ್ನೋದೂ ಹೌದು, ನಿಲ್ಲಿಸು ಅನ್ನೋದೂ ಹೌದು. ಕಕ್ಷಿದಾರರಿಗೆ ನಾನು ವಿವರಿಸೋದು ಹೀಗೆ: ಸ್ಟೇ ಸಿಕ್ಕಿತು ಅಂದ್ರೆ ಕೇಸು ಗೆದ್ದಿರಿ ಅಂತಲ್ಲ, ಎಲ್ಲಾ ಇದ್ದಲ್ಲೇ ಇರಲಿ ಅಂತ ಕೋರ್ಟು ಹೇಳಿದೆ ಅಷ್ಟೇ. ಎಷ್ಟು ದಿನ ಅನ್ನೋದೇ ದೊಡ್ಡ ಪ್ರಶ್ನೆ. ಸಿವಿಲ್ಲಾಗಲಿ ಕ್ರಿಮಿನಲ್ಲಾಗಲಿ, ವಿಚಾರಣೆಗೆ ಕೊಟ್ಟ ತಡೆ ಆರು ತಿಂಗಳಾದ್ರೆ, ಕಾರಣ ಬರೆದು ವಿಸ್ತರಿಸದೇ ಹೋದ್ರೆ, ತಾನಾಗೇ ಮುಗೀತದೆ ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2024ರ ಫೆಬ್ರವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನ ಒಪ್ಪಲಿಲ್ಲ. ಹೈಕೋರ್ಟು ಕೊಟ್ಟ ಸ್ಟೇ ಬರೀ ದಿನ ಕಳೆದ ಮಾತ್ರಕ್ಕೆ ಬಿದ್ದುಹೋಗೋದಿಲ್ಲ ಅಂತ ತೀರ್ಪು ಬಂತು.

ಇನ್ನೊಂದು ಸಣ್ಣ ವಿಷಯ. ಪೊಲೀಸ್ ಸುದ್ದಿಯಲ್ಲಿ ಬರೋ ‘ರಿಮ್ಯಾಂಡ್’ ಮತ್ತು ‘ರಿಮೇನ್’ ಎರಡಕ್ಕೂ ನಂಟಿಲ್ಲ. ರಿಮ್ಯಾಂಡ್ ಅಂದ್ರೆ ಆದೇಶ ಮಾಡಿ ವಾಪಸ್ ಕಳಿಸೋದು. ಜೈಲಲ್ಲಿ ‘ಉಳಿಯೋದು’ ಅಂತ ನಮ್ಮ ಕಿರಿಯ ಸಹಾಯಕರು ಅಂದುಕೊಂಡಿರ್ತಾರೆ.

ಗ್ಲಾಸ್ಗೋ ನರ್ಸ್:
ದಾವಣಗೆರೆ ನಿಟುವಳ್ಳಿಯವಳು, ಈಗ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಆಸ್ಪತ್ರೆ ಕೆಲಸ. ಮೇಡಂ, ಒಂದು ವಿಷಯ ಹೇಳ್ತೀನಿ, ನಿಮ್ಮ ಮಕ್ಕಳಿಗೆ ಖುಷಿ ಆಗಬಹುದು.

ನಾವೆಲ್ಲ ‘ಐ ಆಮ್ ಸ್ಟೇಯಿಂಗ್ ಇನ್ ದಾವಣಗೆರೆ’ ಅಂತೀವಿ, ಅಲ್ಲೇ ಹುಟ್ಟಿ ಬೆಳೆದಿದ್ರೂ. ಲಂಡನ್ನಿನ ಕಡೆಯೋರಿಗೆ ಹಾಗಂದ್ರೆ ‘ಎಷ್ಟು ದಿನಕ್ಕೆ ಬಂದಿದೀರಿ, ಯಾವ ಹೋಟೆಲು’ ಅನ್ನೋ ಹಾಗೆ ಕೇಳಿಸುತ್ತೆ. ಅವರಿಗೆ ಸ್ಟೇ ಅಂದ್ರೆ ತಾತ್ಕಾಲಿಕ. ಕಾಯಂ ವಾಸಕ್ಕೆ ‘ಲಿವ್’. ನಮ್ಮ ‘ಸ್ಟೇಯಿಂಗ್’ ತಪ್ಪು ಅಂತ ಕ್ಲಾಸಲ್ಲಿ ನಮಗೆ ಹೇಳಿಕೊಟ್ಟಿದ್ರು. ಇಲ್ಲಿ ಗ್ಲಾಸ್ಗೋಗೆ ಬಂದ್ರೆ, ವಾರ್ಡಿನಲ್ಲಿ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ‘ವೇರ್ ಡು ಯು ಸ್ಟೇ, ಹೆನ್?’ ಅಂತ ಕೇಳಿದ್ರು. ಹೆನ್ ಅಂದ್ರೆ ಇಲ್ಲಿ ಹೆಣ್ಣುಮಕ್ಕಳನ್ನ ಪ್ರೀತಿಯಿಂದ ಕರೆಯೋ ಮಾತು, ನಮ್ಮ ‘ಅವ್ವಾ’ ಅಂದಂಗೆ. ಅವರು ಕೇಳಿದ್ದು ನನ್ನ ಮನೆ ಎಲ್ಲಿ ಅಂತ. ಸ್ಕಾಟ್ಲೆಂಡಿನೋರು ಮನೆ ಮಾಡ್ಕೊಂಡು ಇರೋದಕ್ಕೂ ಸ್ಟೇ ಅಂತಲೇ ಅನ್ನೋದು. ಹಾಗಾಗಿ ದಾವಣಗೆರೆಯ ‘ಸ್ಟೇಯಿಂಗ್’ ಅನ್ನ ತಪ್ಪು ಅಂತ ಒಂದೇ ಏಟಿಗೆ ಹೊಡೆದುಹಾಕಬೇಡಿ.

ಸ್ಪೋಕನ್ ಕ್ಲಾಸ್:
ಅಕ್ಕಾ, ಮಾಹಿತಿ ಚೆನ್ನಾಗಿದೆ. ಆದ್ರೂ ಇಂಟರ್‌ವ್ಯೂನಲ್ಲಿ ‘ಲಿವ್’ ಅಂತಲೇ ಹೇಳಿ ಅಂತ ನಾನು ಹೇಳಿಕೊಡ್ತೀನಿ. ಎದುರಿಗೆ ಕೂತೋರು ಎಲ್ಲಿಯೋರು ಅಂತ ಗೊತ್ತಿರಲ್ಲ. ಪೀಜಿಯಲ್ಲಿ ಇದ್ರೆ ಸ್ಟೇ, ಸ್ವಂತ ಊರಾದ್ರೆ ಲಿವ್. ಹಾಗೆ ಬಳಸಿದ್ರೆ ಎಲ್ಲೂ ಗೊಂದಲ ಆಗಲ್ಲ.

ನಿವೃತ್ತ ಮೇಷ್ಟ್ರು, ದಾವಣಗೆರೆ:
ಇದರಲ್ಲಿ ಸ್ಪೋಕನ್ ಕ್ಲಾಸಿನೋರ ಮಾತು ಒಪ್ತೀನಿ. ಪರೀಕ್ಷೆಗೂ ಅದೇ ಕ್ಷೇಮ. ಆದ್ರೆ ಮಗುವಿನ ಮೇಲೆ ಸಿಟ್ಟಾಗೋ ತಪ್ಪಂತೂ ಅಲ್ಲ ಅನ್ನೋದು ಗ್ಲಾಸ್ಗೋ ತಂಗಿಯ ಮಾತಿನಿಂದ ಖಚಿತ ಆಯ್ತು.

ಸ್ಟೇ ಪದದ ಹಿಂದೆ ಲ್ಯಾಟಿನ್ನಿನ ‘ನಿಲ್ಲು’ ಅನ್ನೋ ಕ್ರಿಯಾಪದ ಇದೆ. ಸ್ಟೇಷನ್, ಸ್ಟೇಟಸ್ ಅದರ ದಾಯಾದಿಗಳು. ಇನ್ನೂ ಹಿಂದಕ್ಕೆ ಹೋದ್ರೆ ಸಂಸ್ಕೃತದ ‘ಸ್ಥಾ’ ಕೂಡ ಅದೇ ಬೇರಿನದು. ಸ್ಥಾನ, ಸ್ಥಿರ, ಸ್ಥಾವರ ಎಲ್ಲಾ ಅಲ್ಲಿಂದ. ಹೀಗಾಗಿ ಸ್ಟೇ ಅಂದ್ರೆ ಹೊರಡಬಹುದಾಗಿದ್ದೋನು ಹೊರಡದೆ ನಿಂತದ್ದು. ‘ಊಟ ಮುಗಿಸ್ಕೊಂಡೇ ಹೋಗ್ರಿ, ಇರ್ರಿ’ ಅಂತೀವಲ್ಲ, ಅಲ್ಲಿ ಸ್ಟೇ ಸರಿ. ‘ಇರು, ಬರ್ತೀನಿ’ ಅಂದಾಗ ಮಾತ್ರ ವೇಟ್, ಯಾಕಂದ್ರೆ ಅಲ್ಲಿ ಮುಂದೆ ಏನೋ ಆಗೋದಿದೆ. ನಾನು ಬರೋದಿದೆ, ನೀನು ಅದನ್ನ ನೋಡ್ತಾ ಇರಬೇಕು. ಮೇಡಂ ಕೊಟ್ಟ ಮೂರನೇ ವಾಕ್ಯಕ್ಕೆ ಇದೇ ಉತ್ತರ. ಮುಂದೆ ಯಾವುದೋ ಒಂದು ಬರೋದಿದ್ರೆ ವೇಟ್, ಬರೋದು ಏನೂ ಇಲ್ಲದೆ ಇದ್ದಲ್ಲೇ ಇರೋದಾದ್ರೆ ಸ್ಟೇ.

ರಿಮೇನ್ ಲ್ಯಾಟಿನ್ನಿನ ಇನ್ನೊಂದು ಕ್ರಿಯಾಪದದಿಂದ ಬಂದಿದ್ದು. ಪರ್ಮನೆಂಟ್, ಮ್ಯಾನ್ಶನ್ ಅದೇ ಮನೆತನ. ಅದರ ಜೀವ ಇರೋದು ಮಿಕ್ಕೋದರಲ್ಲಿ. ಉಳಿದೋರು ಹೋದರು, ಇದು ಉಳಿಯಿತು. ಭಾಗಾಕಾರದಲ್ಲಿ ಶೇಷಕ್ಕೆ ರಿಮೇಂಡರ್, ಸತ್ತ ಮೇಲೆ ದೇಹಕ್ಕೆ ರಿಮೇನ್ಸ್. ದೀಪಾವಳಿಗೆ ಬಂದ ಮಾವನನ್ನ ಈ ಪದದಲ್ಲಿ ಹೇಳಿದ್ರೆ, ಬೇರೆ ನೆಂಟರೆಲ್ಲ ಹೊರಟು ಮಾವ ಒಬ್ಬರೇ ಉಳಿದರು ಅನ್ನೋ ಅರ್ಥ ಹೊರಡುತ್ತೆ.

ಸ್ಟೇ ಮತ್ತು ರಿಮೇನ್ ತೂಕ ಬೇರೆ ಅನ್ನೋದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. 1975ರಲ್ಲಿ ಬ್ರಿಟನ್ ಜನಮತ ಕೇಳಿದಾಗ ಯುರೋಪಿನ ಸಮುದಾಯದಲ್ಲಿ ‘ಸ್ಟೇ’ ಆಗಬೇಕಾ ಅಂತ ಮತಪತ್ರದಲ್ಲಿ ಅಚ್ಚು ಹಾಕಿದ್ದರು. ಶೇಕಡಾ 67ರಷ್ಟು ಮಂದಿ ಹೌದು ಅಂದರು. 2016ರಲ್ಲಿ ಮತ್ತೆ ಕೇಳಿದಾಗ ಆ ಜಾಗದಲ್ಲಿ ‘ರಿಮೇನ್’ ಇತ್ತು, ಎದುರಿಗೆ ‘ಲೀವ್’. ಲೀವ್ ಅಂದೋರು ಶೇಕಡಾ 51.9, ರಿಮೇನ್ ಅಂದೋರು 48.1. ಪದ ಬದಲಾಗಿದ್ದಕ್ಕೇ ಫಲಿತಾಂಶ ಬದಲಾಯ್ತು ಅಂತ ನಾನು ಹೇಳ್ತಿಲ್ಲ, ಅದಕ್ಕೆ ಕಾರಣ ಸಾವಿರ ಇವೆ. ಮಾತಿನ ಗತ್ತು ನೋಡಿ ಅಂತ ಅಷ್ಟೇ. ಮನೆಯಲ್ಲಿ ಆಡೋ ಪದ ಒಂದು, ಸರ್ಕಾರಿ ಕಾಗದದ ಪದ ಇನ್ನೊಂದು.

ನೈಟ್ ಹಾಲ್ಟ್:
ಸರ್, ನಾನು ಸಾರಿಗೆ ಬಸ್ಸಿನ ಕಂಡಕ್ಟರ್. ಇಷ್ಟು ಜನ ಓದಿದೋರ ಮಧ್ಯೆ ನನ್ನ ಪದವೂ ಇರಲಿ ಅಂತ ಬರೀತಿದೀನಿ. ‘ಹಾಲ್ಟ್’.

ಸಂಜೆ ದಾವಣಗೆರೆ ಬಿಟ್ಟು, ಜಗಳೂರು ಕಡೆಯ ಕೊನೇ ಹಳ್ಳಿ ಮುಟ್ಟಿದ್ರೆ ಅಲ್ಲೇ ನೈಟ್ ಹಾಲ್ಟ್. ಡ್ರೈವರಣ್ಣ ಹಿಂದಿನ ಉದ್ದ ಸೀಟಲ್ಲಿ ಚಾಪೆ ಹಾಸ್ತಾನೆ. ನಾನು ಕಲೆಕ್ಷನ್ ಲೆಕ್ಕ ಮಾಡಿ, ಟಿಕೆಟ್ ಮಿಷಿನ್ನು, ಬ್ಯಾಗು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗ್ತೀನಿ. ಊರಿನೋರು ಯಾರಾದ್ರೂ ಒಂದು ಚೊಂಬು ನೀರು, ರೊಟ್ಟಿ ತಂದು ಕೊಡ್ತಾರೆ. ಬೆಳಿಗ್ಗೆ ಕತ್ತಲಿರುವಾಗಲೇ ತರಕಾರಿ ಮೂಟೆ, ಹಾಲಿನ ಕ್ಯಾನು, ಆಮೇಲೆ ಕಾಲೇಜು ಮಕ್ಕಳು. ಆ ಬಸ್ಸು ರಾತ್ರಿ ಅಲ್ಲಿ ನಿಲ್ಲದೆ ಇದ್ರೆ ಆ ಮಕ್ಕಳಿಗೆ ಮೊದಲ ಪೀರಿಯಡ್ ಸಿಗಲ್ಲ. ಉತ್ತರ ಕರ್ನಾಟಕದ ಕಡೆ ಇದನ್ನೇ ವಸ್ತಿ ಬಸ್ಸು ಅಂತಾರೆ. ಸ್ಟಾಪಿಗೂ ಹಾಲ್ಟಿಗೂ ಏನು ವ್ಯತ್ಯಾಸ ಅಂತ ಕೇಳಿದ್ರೆ, ನಮ್ಮ ಲೆಕ್ಕದಲ್ಲಿ ಸ್ಟಾಪಲ್ಲಿ ಇಳಿಸಿ ಹತ್ತಿಸಿ ರೈಟ್ ಅಂತೀವಿ, ಹಾಲ್ಟಲ್ಲಿ ಎಂಜಿನ್ ಆರಿಸ್ತೀವಿ. ಇಂಗ್ಲಿಷಿನೋರ ಲೆಕ್ಕ ಏನು ಸರ್?

ನಿವೃತ್ತ ಮೇಷ್ಟ್ರು, ದಾವಣಗೆರೆ:
ಹಾಲ್ಟ್ ಸೈನ್ಯದ ಆಜ್ಞೆಯಾಗಿ ಜರ್ಮನಿಂದ ಬಂದ ಪದ. ದಂಡು ನಡೀತಾ ಇರುವಾಗ ಮಧ್ಯೆ ನಿಂತು ಸುಧಾರಿಸಿಕೊಳ್ಳೋದು, ಆಮೇಲೆ ಮತ್ತೆ ಹೊರಡೋದು. ಪಯಣ ಮುಗಿದಿಲ್ಲ ಅನ್ನೋದು ಅದರೊಳಗೇ ಇದೆ. ನೀವು ಬೆಳಿಗ್ಗೆ ಹೊರಡ್ತೀರಲ್ಲ, ಹಾಗಾಗಿ ನಿಮ್ಮ ಬಳಕೆ ಪೂರ್ತಿ ಸರಿ. ಸಣ್ಣ ರೈಲು ನಿಲ್ದಾಣಗಳಿಗೂ ಹಾಲ್ಟ್ ಅಂತಲೇ ಹೆಸರು. ನಿಮ್ಮಂಥೋರು ರಾತ್ರಿ ಬಸ್ಸಲ್ಲಿ ಮಲಗೋದಕ್ಕೆ ನಮ್ಮ ಎಷ್ಟೋ ವಿದ್ಯಾರ್ಥಿಗಳು ಪದವಿ ಮುಗಿಸಿದ್ದು, ಇದನ್ನ ಮನಸ್ಸಿಟ್ಟು ಹೇಳ್ತಿದೀನಿ.

ಬಿಎ ಹುಡುಗಿ:
ಮೇಷ್ಟ್ರೇ, ಅಬೈಡ್, ಡ್ವೆಲ್, ಲಿಂಗರ್, ಲಾಯ್ಟರ್, ಟ್ಯಾರಿ ಅಂತ ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ ಬರ್ತಾವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಎಲ್ಲಾ ಕಲೀಬೇಕಾ?

ನಿವೃತ್ತ ಮೇಷ್ಟ್ರು, ದಾವಣಗೆರೆ:
ಗುರುತು ಹಿಡಿಯೋಕೆ ಎಲ್ಲಾ ಬೇಕು, ಬರೆಯೋಕೆ ಎರಡು ಮೂರು ಸಾಕಮ್ಮ. ಟ್ಯಾರಿ ಹಳೇ ಬೈಬಲ್ಲಿನ ಭಾಷೆ, ಬಿಡು. ಲಾಯ್ಟರ್ ಅಂದ್ರೆ ಕೆಲಸ ಇಲ್ಲದೆ ಸುಳಿದಾಡೋದು, ಪೊಲೀಸರ ಬಾಯಲ್ಲಿ ಹೆಚ್ಚು.

ಲಿಂಗರ್ ಮಾತ್ರ ಚೆನ್ನಾಗಿ ಕಲಿ. ‘ಲಾಂಗ್’ಗೆ ನೆಂಟ ಅದು. ಹೊತ್ತು ಎಳೆಯೋದು, ಹೋಗಬೇಕಾದದ್ದು ಬೇಗ ಹೋಗದೆ ಇರೋದು. ಸಂಜೆ ಮಂಡಕ್ಕಿ ಮಿರ್ಚಿ ತಿಂದು ಸೋಪು ಹಾಕಿ ಕೈ ತೊಳೆದ್ರೂ ಬೆರಳಲ್ಲಿ ಎಣ್ಣೆ ವಾಸನೆ ಇರುತ್ತಲ್ಲ, ದಿ ಸ್ಮೆಲ್ ಲಿಂಗರ್ಸ್. ಜ್ವರ ಬಿಟ್ರೂ ಕೆಮ್ಮು ಬಿಡದಿದ್ರೆ ಅದಕ್ಕೂ ಲಿಂಗರ್.

ಡ್ವೆಲ್ ಹಳೇ ಇಂಗ್ಲಿಷಿನಲ್ಲಿ ದಾರಿ ತಪ್ಪಿಸು ಅನ್ನೋ ಅರ್ಥದಲ್ಲಿತ್ತು. ಅಲ್ಲಿಂದ ತಡಮಾಡು, ಆಮೇಲೆ ನಿಲ್ಲು, ಕೊನೆಗೆ ವಾಸಿಸು ಅಂತ ಆಯ್ತು. ಈಗ ಪತ್ರಗಳಲ್ಲಿ ‘ಡ್ವೆಲಿಂಗ್ ಹೌಸ್’ ಅಂತ ಬರೋದು ವಾಸದ ಮನೆಗೆ. ಮಾತಿನಲ್ಲಿ ‘ಡ್ವೆಲ್ ಆನ್’ ಅಂದ್ರೆ ಒಂದೇ ವಿಷಯಕ್ಕೆ ಅಂಟಿಕೊಳ್ಳೋದು.

ಅಬೈಡ್‌ಗೆ ನಮ್ಮ ‘ತಾಳು’ ಬಹಳ ಹತ್ತಿರ. ‘ತಾಳ್ರಿ’ ಅಂದ್ರೆ ಸ್ವಲ್ಪ ಇರಿ, ‘ತಾಳಲಾರೆ’ ಅಂದ್ರೆ ಸಹಿಸಲಾರೆ. ಅಬೈಡ್ ಕೂಡ ಹಿಂದೆ ಕಾಯೋದು ಆಗಿತ್ತು, ಈಗ ‘ಕಾಂಟ್ ಅಬೈಡ್’ ಅಂದ್ರೆ ಸಹಿಸೋಕೆ ಆಗಲ್ಲ ಅಂತ. ‘ಬೈ’ ಸೇರಿದ್ರೆ ಕಾನೂನಿಗೆ ಬದ್ಧವಾಗಿರೋದು.

ಹಿರಿಯೂರು:
ಒಂದು ಗಮನಿಸಿದೀರಾ? ನಾವು ‘ವೇಟ್ ಮಾಡ್ತಿದೀನಿ’ ಅಂತೀವಿ, ‘ಲಾಡ್ಜಲ್ಲಿ ಸ್ಟೇ ಆಗಿದೀವಿ’ ಅಂತೀವಿ. ‘ಅಲ್ಲೇ ರಿಮೇನ್ ಆದ’ ಅಂತ ಯಾರೂ ಅನ್ನಲ್ಲ. ಆದ್ರೆ ಅಂಗಡಿಯಲ್ಲಿ ‘ರಿಮೈನಿಂಗ್ ಎಷ್ಟು ಕೊಡ್ಬೇಕು?’ ಅಂತೀವಿ. ಮೇಷ್ಟ್ರು ಹೇಳಿದ ‘ಮಿಕ್ಕಿದ್ದು’ ಅನ್ನೋ ಅರ್ಥವನ್ನೇ ನಮ್ಮ ಜನ ಸರಿಯಾಗಿ ಆರಿಸ್ಕೊಂಡಿದಾರೆ.

ಇನ್ನು ಕಾಯೋದು ಅಂದ್ರೆ ನಮ್ಮ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ ಮತ್ತೆ ಬಿದ್ದಿದ್ದು 2022ರಲ್ಲಿ. 89 ವರ್ಷ. ನಮ್ಮಜ್ಜ ಕೋಡಿ ಬೀಳೋದನ್ನ ನೋಡಬೇಕು ಅಂತ ಹೇಳ್ತಾನೇ ಹೋದರು. ಪೇಪರಿನೋರು ಇಂಗ್ಲಿಷಲ್ಲಿ ಬರೆಯೋ ‘ಲಾಂಗ್ ಅವೇಟೆಡ್’ ಇಂಥದ್ದಕ್ಕೇ ಅಲ್ವಾ?

ಸ್ಪೋಕನ್ ಕ್ಲಾಸ್:
ಅದಕ್ಕೇ. ಅವೇಟ್ ಬಂದ್ರೆ ‘ಫಾರ್’ ಬೇಡ, ನೆನಪಿರಲಿ. ‘ಅವೇಟಿಂಗ್ ಫಾರ್ ಯುವರ್ ರಿಪ್ಲೈ’ ಅಂತ ಬಯೋಡೇಟಾ ಜೊತೆ ಪತ್ರದಲ್ಲಿ ಬಹಳ ಮಂದಿ ಬರೀತಾರೆ. ‘ವೇಟಿಂಗ್ ಫಾರ್’, ಇಲ್ಲಾ ‘ಅವೇಟಿಂಗ್’, ಯಾವುದಾದ್ರೂ ಒಂದು.

ಹೊಳಲ್ಕೆರೆ ಟೀಚರ್:
ಎಲ್ಲರಿಗೂ ಕೈ ಮುಗಿದೆ. ಸೋಮವಾರದ ಪಾಠ ಬರ್ಕೊಂಡೆ. ದನ ಕಾಯೋನು, ಬಸ್ಸಿಗೆ ಕಾಯೋನು ಮೊದಲು. ಆಮೇಲೆ ಓಬವ್ವ. ‘ಬರೋದಿದ್ರೆ ವೇಟ್’ ಅನ್ನೋದನ್ನ ಬೋರ್ಡಿನ ಮೇಲೆ ದೊಡ್ಡದಾಗಿ ಬರೀತೀನಿ. ರಿಮೇನ್‌ಗೆ ಭಾಗಾಕಾರದ ಶೇಷ. ಗಣಿತದ ಸರ್‌ಗೂ ಹೇಳಿದೀನಿ. ಇನ್ನೊಂದು ಅನುಮಾನ: ‘ವೇಟ್ ಟಿಲ್ ಹಿ ವಿಲ್ ಕಮ್’ ಅಂತ ಬರೀತಾರೆ. ಇದನ್ನ ಹೇಗೆ ತಿದ್ದೋದು?

ನಿವೃತ್ತ ಮೇಷ್ಟ್ರು, ದಾವಣಗೆರೆ:
ಅದಕ್ಕೂ ಕನ್ನಡವೇ ಆಸರೆ. ‘ಅವನು ಬರೋವರೆಗೂ ಕಾಯಿ’ ಅಂತೀವಿ, ‘ಬರ್ತಾನೆವರೆಗೂ’ ಅನ್ನಲ್ಲ. ನಮ್ಮ ‘ವರೆಗೂ’ ಹಿಂದೆ ‘ಬರ್ತಾನೆ’ ಥರ ಪೂರ್ತಿ ಕ್ರಿಯಾಪದ ಬರಲ್ಲ, ಅವರ ‘ಟಿಲ್’ ಮುಂದೆ ‘ವಿಲ್’ ಬರಲ್ಲ. ವೇಟ್ ಟಿಲ್ ಹಿ ಕಮ್ಸ್. ಕೊನೇ ‘ಎಸ್’ ಬಿಟ್ಟುಬಿಡ್ತಾರೆ, ಅದನ್ನ ನೋಡ್ಕೊಳ್ಳಿ.